2014ರ ಸ್ವಿಫ್ಟ್ ಡೀಸೆಲ್ಲೋ, 2014ರ ರಿಟ್ಜ್ ಡೀಸೆಲ್ಲೋ? ಎಂಜಿನ್ ಒಂದೇ, ರೇಟಲ್ಲಿ ಲಕ್ಷದ ವ್ಯತ್ಯಾಸ

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ವಾರಕ್ಕೆ ಮೂರು ದಿನ ಹೋಗಿ ಬರಬೇಕು, ಒಂದು ದಿನಕ್ಕೆ ಹೆಚ್ಚುಕಮ್ಮಿ 120 ಕಿ.ಮೀ. ಎರಡು ತಿಂಗಳಿಗೊಮ್ಮೆ ಅಮ್ಮನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗುವುದಿದೆ, ಆಗುಂಬೆ ಘಾಟಿ ಇಳಿದು. ಎಲ್ಲಾ ಸೇರಿ ತಿಂಗಳಿಗೆ 1,600 ಕಿ.ಮೀ. ಆಗುತ್ತದೆ. ಇಷ್ಟು ವರ್ಷ ಬೈಕು, ಬಸ್ಸಲ್ಲೇ ನಡೆಯಿತು. ಇನ್ನು ಆಗುವುದಿಲ್ಲ.

ಎರಡು ಗಾಡಿ ಕಣ್ಣಿಗೆ ಬಿದ್ದಿವೆ.

ಒಂದು: ಮಾರುತಿ ಸ್ವಿಫ್ಟ್ ವಿಡಿಐ (ಮಧ್ಯಮ ದರ್ಜೆಯ ಡೀಸೆಲ್ ಮಾದರಿ), 2014, ಕೆಎ-14, ಎರಡನೇ ಓನರ್, ಮೀಟರಲ್ಲಿ 88,000 ಕಿ.ಮೀ. ಬ್ರೋಕರ್ ಹತ್ತಿರ ಇದೆ. 4.15 ಲಕ್ಷ ಹೇಳುತ್ತಿದ್ದಾರೆ. ಬಿಳಿ ಬಣ್ಣ, ನೋಡಲು ಫಳಫಳ.

ಇನ್ನೊಂದು: ಮಾರುತಿಯದ್ದೇ ರಿಟ್ಜ್ ವಿಡಿಐ, 2014, ಕೆಎ-20, ಒಬ್ಬರೇ ಓನರ್, 1,21,000 ಕಿ.ಮೀ. ನಿವೃತ್ತರೊಬ್ಬರ ಗಾಡಿ, 3.10 ಲಕ್ಷ. ಬಣ್ಣ ಮಾಸಿದೆ, ಸರ್ವೀಸ್ ಬಿಲ್‌ಗಳ ಫೈಲ್ ಇದೆ.

ಎಂಜಿನ್ ಎರಡಕ್ಕೂ ಒಂದೇ ಅಂತಾರೆ. ಹಾಗಿದ್ದರೆ ಈ ಒಂದು ಲಕ್ಷ ಯಾತಕ್ಕೆ ಕೊಡಬೇಕು? ಮನೆಯಲ್ಲಿ ಎಲ್ಲರೂ ಸ್ವಿಫ್ಟ್ ಅಂತಿದ್ದಾರೆ. ನನಗೆ ಗೊಂದಲ.

ಬಿಸಿಬಿಸಿ
ಸ್ವಿಫ್ಟ್. ಕಣ್ಣು ಮುಚ್ಚಿ ತಗೊಳ್ಳಿ.

ಗ್ಯಾರೇಜ್ ಗಣಪ
ಕಣ್ಣು ಮುಚ್ಚಿ ತಗೊಂಡವರೇ ಆಮೇಲೆ ನಮ್ಮ ಹತ್ತಿರ ಕಣ್ಣು ಬಿಟ್ಟುಕೊಂಡು ಬರೋದು ಸ್ವಾಮಿ.

ಎಂಜಿನ್ ಒಂದೇ ಅನ್ನೋದು ನಿಜ. 1,248 ಸಿಸಿ, 75 ಪಿಎಸ್, 190 ಎನ್‌ಎಂ. ಮೂಲ ಫಿಯಟ್‌ನ ಮಲ್ಟಿಜೆಟ್. ಮಾರುತಿ ಅದನ್ನು ಡಿಡಿಐಎಸ್ ಅಂತ ಕರೆಯಿತು, ಟಾಟಾ ಕ್ವಾಡ್ರಾಜೆಟ್ ಅಂತ ಕರೆಯಿತು. ಪುಂಟೊ, ವಿಸ್ತಾ, ಡಿಜೈರ್, ರಿಟ್ಜ್, ಸ್ವಿಫ್ಟ್, ಎಲ್ಲದರ ಬಾನೆಟ್ ಎತ್ತಿದರೂ ಅದೇ ಮುಖ. ಅದಕ್ಕೇ 'ರಾಷ್ಟ್ರೀಯ ಎಂಜಿನ್' ಅಂತ ತಮಾಷೆಗೆ ಹೆಸರು ಬಂದಿದ್ದು. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತೆ. ಹಳ್ಳಿ ಮೆಕ್ಯಾನಿಕ್ಕೂ ಕೈ ಹಾಕುತ್ತಾನೆ.

ಹಾಗಾಗಿ ಸ್ವಿಫ್ಟಾ ರಿಟ್ಜಾ ಅನ್ನೋದು ಪ್ರಶ್ನೆಯೇ ಅಲ್ಲ. ಈ ಎರಡು ಗಾಡಿಗಳಲ್ಲಿ ಯಾರ ಕೈಯಲ್ಲಿ ಯಾವುದು ಬದುಕಿತ್ತು ಅನ್ನೋದು ಪ್ರಶ್ನೆ. ಆಯಿಲ್ ಸರಿಯಾಗಿ ಬದಲಿಸದೇ ಓಡಿಸಿದ್ದರೆ ಆ ಚೈನೇ ಉದ್ದವಾಗಿ ಕಟಕಟ ಅನ್ನಲು ಶುರು ಮಾಡುತ್ತೆ.

ಹುಬ್ಬಳ್ಳಿ ಮಂದಿ
11 ವರ್ಷದ ಡೀಸೆಲ್ ಗಾಡಿ 88 ಸಾವಿರ ಅಷ್ಟ ಓಡೇತೇನ್ರೀ? ವರ್ಷಕ್ಕ ಎಂಟು ಸಾವಿರ. ಅಷ್ಟ ಓಡ್ಸಾವ ಡೀಸೆಲ್ ಯಾಕ ತಗೋತಾನ್ರೀ?

ತೋಟದಮನೆ
@ಹುಬ್ಬಳ್ಳಿ ಮಂದಿ, ಬ್ರೋಕರ್ ಹೇಳಿದ್ದು: "ಡಾಕ್ಟ್ರ ಗಾಡಿ, ಮನೆಯಿಂದ ಆಸ್ಪತ್ರೆಗೆ ಅಷ್ಟೆ."

ಹುಬ್ಬಳ್ಳಿ ಮಂದಿ
ಬ್ರೋಕರ್ ಕಡೆ ಇರೂ ಗಾಡಿ ಎಲ್ಲಾ ಡಾಕ್ಟ್ರದ್ದ ಇರ್ತಾವ. ಇಲ್ಲಾಂದ್ರ ಮೇಡಂದು.

ಲೆಕ್ಕಿಗ
ಮೊದಲು ಡೀಸೆಲ್ ಬೇಕೇ ಬೇಕಾ ಅಂತ ನೋಡೋಣ. 1,600 ಕಿ.ಮೀ.ಗೆ ಈ ಎಂಜಿನ್ ನಿಮ್ಮ ರಸ್ತೆಯಲ್ಲಿ 20 ಕೊಟ್ಟರೆ 80 ಲೀಟರ್. ಲೀಟರಿಗೆ 91 ಅಂತ ಹಿಡಿದರೆ 7,280 ರೂಪಾಯಿ. ಇದೇ ಸೈಜಿನ ಹಳೆ ಪೆಟ್ರೋಲ್ ಗಾಡಿ 15 ಕೊಟ್ಟರೆ 107 ಲೀಟರ್, 103ರಂತೆ ಸುಮಾರು 11,000. ತಿಂಗಳಿಗೆ 3,700 ಉಳಿತಾಯ. ವರ್ಷಕ್ಕೆ 44 ಸಾವಿರ. ಇನ್ಶೂರೆನ್ಸ್, ಸರ್ವೀಸ್ ಸ್ವಲ್ಪ ಜಾಸ್ತಿ ಬಿದ್ದರೂ ನಿಮಗೆ ಡೀಸೆಲ್ಲೇ ಲಾಭ. ತಿಂಗಳಿಗೆ 500 ಓಡಿಸುವವರು ಮಾತ್ರ ಈ ಕಡೆ ತಲೆ ಹಾಕಬಾರದು.

ಮಾರುತಿ 2020ರ ಏಪ್ರಿಲ್‌ಗೆ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಬಂದಾಗ ಡೀಸೆಲ್ ನಿಲ್ಲಿಸಿಬಿಟ್ಟಿತು. ಅದಕ್ಕೇ ಚೆನ್ನಾಗಿರುವ ಹಳೆ ಡೀಸೆಲ್‌ಗೆ ಈಗಲೂ ರೇಟು ಇಳಿದಿಲ್ಲ.

ಚಾರ್ಜಿಂಗ್ ಪಾಯಿಂಟ್
ಇವಿ ತಗೊಳ್ಳಿ ಸರ್. ಡೀಸೆಲ್ ಕಾಲ ಮುಗಿಯಿತು.

ತೋಟದಮನೆ
ಮೂರೂವರೆ ಲಕ್ಷಕ್ಕೆ ಯಾವ ಇವಿ ಕೊಡ್ತೀರಿ ಹೇಳಿ, ನಾಳೆಯೇ ಬರುತ್ತೇನೆ. ಜುಲೈಯಲ್ಲಿ ನಮ್ಮಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಮೊಬೈಲ್ ಚಾರ್ಜ್ ಮಾಡಲು ಪೇಟೆಗೆ ಹೋಗುತ್ತೇವೆ.

ಕಡಲತಡಿ
ನಾನು 2012ರ ರಿಟ್ಜ್ ಡೀಸೆಲ್ ಓಡಿಸುವವ. ಉಡುಪಿ ಕಡೆಯವ. ಎರಡು ಮಾತು ಹೇಳುತ್ತೇನೆ.

ಒಂದು, ಸೀಟು. ನಿಮ್ಮ ಅಮ್ಮನಿಗೆ ಮಂಡಿ ನೋವು ಇದೆಯಾ? ಇದ್ದರೆ ಇಲ್ಲಿಗೇ ಚರ್ಚೆ ಮುಗಿಯಿತು ಮಾರಾಯ್ರೆ. ಸ್ವಿಫ್ಟಲ್ಲಿ ಕೂರಬೇಕಾದರೆ ಕೆಳಗೆ ಇಳಿಯಬೇಕು, ಏಳಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ರಿಟ್ಜ್‌ನ ಸೀಟು ಎತ್ತರ. ಬಾಗಿಲು ತೆಗೆದು ಕುರ್ಚಿ ಮೇಲೆ ಕೂತ ಹಾಗೆ ಕೂತರಾಯಿತು. ನನ್ನ ಅಜ್ಜಿಗೆ ಆಗ 84 ವರ್ಷ. ಬೇರೆ ಯಾರ ಕಾರು ಬಂದರೂ "ಅದು ಬೇಡ, ನಮ್ಮ ಗೂಡೇ ಸಾಕು" ಅನ್ನುತ್ತಿದ್ದರು. ತಲೆ ತಾಗುವುದಿಲ್ಲ, ಹಿಂದಿನ ಸೀಟಿನವರಿಗೆ ರಸ್ತೆ ಕಾಣುತ್ತದೆ, ಘಾಟಿಯಲ್ಲಿ ವಾಂತಿ ಕಮ್ಮಿ.

ಎರಡು, ತುಕ್ಕು. ಕೆಎ-20 ಅಂದರೆ ನಮ್ಮ ಕಡೆ ಗಾಡಿ. ಸಮುದ್ರದ ಹತ್ತಿರ ನಿಲ್ಲಿಸಿದ್ದರೆ ಅಡಿಯಲ್ಲಿ ಹೋಗಿರುತ್ತದೆ. ಮೇಲೆ ನೋಡಿ ಮೋಸ ಹೋಗಬೇಡಿ. ರ‍್ಯಾಂಪ್ ಹತ್ತಿಸಿ, ಟಾರ್ಚ್ ಹಿಡಿದು ನೋಡಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ.

ಬಿಸಿಬಿಸಿ
ರಿಟ್ಜ್ ಹಿಂದಿನಿಂದ ನೋಡಿದ್ದೀರಾ? ಕೊಡಲಿಯಲ್ಲಿ ಕಡಿದ ಹಾಗಿದೆ.

ಕಡಲತಡಿ
@ಬಿಸಿಬಿಸಿ, ನಾನು ಒಳಗೆ ಕೂತಿರುತ್ತೇನೆ. ಹಿಂದಿನಿಂದ ನೋಡುವುದು ನಿಮ್ಮಂಥವರ ಕರ್ಮ.

ಸಾಗರದ ಸುಬ್ಬ
😂 ಅದೇ ಗಾಡಿ ಯುರೋಪಲ್ಲಿ ಸುಜುಕಿ ಸ್ಪ್ಲ್ಯಾಶ್ ಅಂತ ಓಡಿತ್ತು. ಅಲ್ಲಿ ಯಾರೂ ಹಿಂದೆ ನೋಡಿ ಅಳಲಿಲ್ಲ. ನಮ್ಮಲ್ಲಿ 2009ಕ್ಕೆ ಬಂತು, ಸ್ವಿಫ್ಟ್ ನೆರಳಲ್ಲೇ ಇದ್ದು ಹೋಯಿತು. ಅದಕ್ಕೇ ಸೆಕೆಂಡ್‌ಹ್ಯಾಂಡಲ್ಲಿ ಅಗ್ಗ. ತಗೊಳ್ಳುವವರಿಗೆ ಒಳ್ಳೆಯದೇ ಅಲ್ವಾ?

ಮಾರೋ ಟೈಮು
ತಗೊಳ್ಳುವಾಗ ಒಳ್ಳೆಯದು, ಮಾರುವಾಗ? ನಾಳೆ ಸ್ವಿಫ್ಟ್ ಕೊಡ್ತೀನಿ ಅಂದರೆ ಸಂಜೆಗೆ ನಾಲ್ಕು ಜನ ಮನೆ ಮುಂದೆ. ರಿಟ್ಜ್ ಕೊಡ್ತೀನಿ ಅಂದರೆ ನೀವೇ ನಾಲ್ಕು ಜನರ ಮನೆಗೆ ಹೋಗಬೇಕು. ಆ ಒಂದು ಲಕ್ಷ ಎಲ್ಲೂ ಹೋಗಲ್ಲ, ಮಾರುವಾಗ ವಾಪಸ್ ಬರುತ್ತೆ.

ಲೆಕ್ಕಿಗ
@ಮಾರೋ ಟೈಮು, ಪೂರ್ತಿ ವಾಪಸ್ ಬರಲ್ಲ. 2014ರ ಗಾಡಿಗೆ 2029ಕ್ಕೆ ಆರ್‌ಸಿ 15 ವರ್ಷ ಮುಗಿಯುತ್ತೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಬರೀ ರಿನ್ಯೂವಲ್ ಶುಲ್ಕವೇ 5,000. ಅಷ್ಟು ಹೊತ್ತಿಗೆ ಎರಡರ ರೇಟೂ ಹತ್ತಿರ ಹತ್ತಿರ ಬಂದಿರುತ್ತೆ. ಐದಾರು ವರ್ಷ ಇಟ್ಟುಕೊಳ್ಳುವವರು ಮಾರುವ ರೇಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬಾರದು.

ನವದೆಹಲಿ ಕನ್ನಡಿಗ
ಇಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದು ಯಾವ ಕಾಲವಾಯಿತು. 2015ರ ಹಸಿರು ನ್ಯಾಯಮಂಡಳಿ ಆದೇಶ. ಅದಕ್ಕೇ ಇಲ್ಲಿಂದ ಅಗ್ಗದಲ್ಲಿ ಸಿಗುತ್ತೆ. ತರಿಸಿಕೊಳ್ಳಬಹುದಲ್ಲ?

ಗ್ಯಾರೇಜ್ ಗಣಪ
ಬೇಡ. ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಆರ್‌ಟಿಒಗೆ ನಾಲ್ಕು ಸಲ ಅಲೆಯಬೇಕು. ಗಾಡಿಯ ಹಿಂದಿನ ಕಥೆ ಕೇಳಲು ದೆಹಲಿಗೆ ಯಾರು ಹೋಗ್ತಾರೆ?

ಘಾಟಿ ಡ್ರೈವರ್
ಆಗುಂಬೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. 14 ಹೇರ್‌ಪಿನ್ ತಿರುವು. ಈ ಎಂಜಿನ್ನಿಗೆ 2,000 ಆರ್‌ಪಿಎಂ ಕೆಳಗೆ ಜೀವ ಇಲ್ಲ. ಸೋಮೇಶ್ವರದಿಂದ ಹತ್ತುವಾಗ ಎರಡನೇ ಗೇರಲ್ಲೇ ತಿರುಗಿಸಿಬಿಡೋಣ ಅಂತ ಹೋದರೆ ತಿರುವಿನ ಮಧ್ಯ ಗಾಡಿ ಉಸಿರು ಬಿಡುತ್ತೆ. ಎದುರಿಗೆ ಬಸ್ಸು, ಹಿಂದೆ ಜೀಪು, ಎಂಜಿನ್ ಆಫ್. ತಿರುವಿಗೆ ಮೊದಲೇ ಒಂದನೇ ಗೇರಿಗೆ ಬಂದುಬಿಡಿ. ಎರಡು ಸಲ ಹತ್ತಿದರೆ ಅಭ್ಯಾಸ ಆಗುತ್ತೆ. ಟರ್ಬೊ ಹಿಡಿದ ಮೇಲೆ ಎಳೆಯುವುದು ಭರ್ಜರಿ.

ಇದು ಎರಡೂ ಗಾಡಿಗೆ ಒಂದೇ. ರಿಟ್ಜಲ್ಲಿ ಗೇರ್ ಲಿವರ್ ಮೇಲೆ, ಸ್ಟೇರಿಂಗ್ ಹತ್ತಿರ ಇರುವುದರಿಂದ ಘಾಟಿಯಲ್ಲಿ ಕೈಗೆ ಸುಲಭ. ಆದರೆ ಎತ್ತರದ ಗಾಡಿ, ತಿರುವಲ್ಲಿ ಸ್ವಲ್ಪ ವಾಲುತ್ತೆ. ಸ್ವಿಫ್ಟ್ ನೆಲಕ್ಕೆ ಅಂಟಿಕೊಂಡು ಹೋಗುತ್ತೆ. ಓಡಿಸುವ ಖುಷಿ ಬೇಕು ಅಂದರೆ ಸ್ವಿಫ್ಟೇ, ಅದರಲ್ಲಿ ಎರಡು ಮಾತಿಲ್ಲ.

ಮಳೆಗಾಲ
ಖುಷಿ ಇರಲಿ, ಏರ್‌ಬ್ಯಾಗ್ ಇದೆಯಾ ಕೇಳಿದಿರಾ? 2014ರ ವಿಡಿಐಯಲ್ಲಿ ಇರಲಿಲ್ಲ, ಅದಕ್ಕಿಂತ ದುಬಾರಿ ಮಾದರಿ ಝಡ್‌ಡಿಐಯಲ್ಲಿ ಇತ್ತು. ಅದೇ ವರ್ಷದ ನವೆಂಬರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗುದ್ದಿಸಿ ನೋಡಿ ಸೊನ್ನೆ ಸ್ಟಾರ್ ಕೊಟ್ಟಿತ್ತು. ಅಮ್ಮನನ್ನು ಕೂರಿಸಿಕೊಂಡು ಘಾಟಿಯಲ್ಲಿ ಹೋಗುವವರು ಸ್ವಲ್ಪ ಯೋಚಿಸಬೇಕು.

ತೋಟದಮನೆ
@ಮಳೆಗಾಲ, ನಿಜ. ಆದರೆ ನನ್ನ ದುಡ್ಡಿಗೆ ಸಿಗುವುದು ವಿಡಿಐ. ನಿಧಾನ ಓಡಿಸುತ್ತೇನೆ, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುತ್ತೇನೆ. ಈಗ ಇರುವುದು ಬೈಕು, ಅದರಲ್ಲಿ ಬೆಲ್ಟೂ ಇಲ್ಲ.

ಅಮ್ಮನಿಗೆ ಮಂಡಿ ನೋವು ಇದೆ. @ಕಡಲತಡಿ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಶನಿವಾರ ಎರಡನ್ನೂ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಬೇಕು ಹೇಳಿ.

ಗ್ಯಾರೇಜ್ ಗಣಪ
ಪೇಪರ್ ಪೆನ್ನು ತಗೊಳ್ಳಿ.

ಹೇಳದೇ ಬೆಳಿಗ್ಗೆ ಬೇಗ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಡೀಸೆಲ್ ಗಾಡಿಯ ರೋಗ ಗೊತ್ತಾಗುವುದು ತಣ್ಣಗಿರುವಾಗಲೇ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಹಿಡಿಯಬೇಕು. ಚೈನ್ ಸದ್ದು ಒಂದೆರಡು ಸೆಕೆಂಡಲ್ಲಿ ನಿಲ್ಲಬೇಕು.

ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಅದೇ ಬಾಯಿ ಮೇಲೆ ಸುಮ್ನೆ ಇಡಿ. ಗಾಡಿ ಓಡುತ್ತಲೇ ಇರಲಿ. ಮುಚ್ಚಳ ಸ್ವಲ್ಪ ಕುಣಿದರೆ ತೊಂದರೆ ಇಲ್ಲ. ಹಾರಿ ಬಿದ್ದರೆ, ಭುಸುಭುಸು ಹೊಗೆ ಬಂದರೆ ಕೈ ಮುಗಿದು ಬನ್ನಿ. ಪಿಸ್ಟನ್ ರಿಂಗು ಹೋಗಿದೆ, ಬೋರ್ ಕೆಲಸ ಬರುತ್ತೆ.

ಹೊಗೆ ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಜೋರಾಗಿ ಒತ್ತಿದಾಗ ಸ್ವಲ್ಪ ಕಪ್ಪು ಬಂದರೆ ಗಾಬರಿ ಬೇಡ, ದಟ್ಟವಾಗಿ ಬಂದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಕಳಿಸುವ ವಾಲ್ವ್) ನೋಡಿಸಬೇಕು. ಇವು ಬಿಎಸ್6ಗಿಂತ ಹಿಂದಿನ ಗಾಡಿಗಳು, ಬಿಎಸ್6 ಡೀಸೆಲ್‌ನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಲೆನೋವು ಇಲ್ಲ, ಪುಣ್ಯ.

ಕ್ಲಚ್ ನೋಡಲು ನಾಲ್ಕನೇ ಗೇರಲ್ಲಿ ನಿಧಾನ ಹೋಗುತ್ತಾ ಪೂರ್ತಿ ಒತ್ತಿ. ಆರ್‌ಪಿಎಂ ಮಾತ್ರ ಏರಿ ಗಾಡಿ ಓಡದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಇನ್ನೊಂದು, ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ನೋಡಿ. 2019ರ ಆಗಸ್ಟಲ್ಲಿ ಶಿವಮೊಗ್ಗಕ್ಕೆ ತುಂಗೆ ನುಗ್ಗಿದ್ದು ನೆನಪಿದೆಯಲ್ಲ? ನೀರಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಪಾಲಿಶ್ ಮಾಡಬಹುದು. ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಗೆರೆ ಹಾಗೇ ಕೂತಿರುತ್ತೆ.

ಪೇಪರ್ ಪುಟ್ಟಣ್ಣ
ಗಾಡಿ ಜೊತೆ ಪೇಪರನ್ನೂ ನೋಡಿ. ಎಂ-ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದರೆ ಫೈನಾನ್ಸ್ ಬಾಕಿ ಇದೆಯಾ, ಇನ್ಶೂರೆನ್ಸ್ ಎಲ್ಲಿವರೆಗೆ ಅಂತ ಬರುತ್ತೆ. ಲೋನ್ ಇದ್ದಿದ್ದರೆ ಅದು ತೀರಿದೆ ಅನ್ನುವ ಫಾರಂ 35 ಬೇಕು. ಗಾಡಿ ಹೆಸರು ಬದಲಿಸುವ ಫಾರಂ 29, 30ಕ್ಕೆ ಓನರ್ ಸಹಿ ನಿಮ್ಮ ಎದುರೇ ಆಗಲಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಅವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಓನರಿನದ್ದು, ಗಾಡಿಯದ್ದಲ್ಲ.

ಮುಖ್ಯ ವಿಷಯ: ಕಂಪನಿ ವರ್ಕ್‌ಶಾಪಿಗೆ ಹೋಗಿ ನಂಬರ್ ಕೊಟ್ಟು ಸರ್ವೀಸ್ ಹಿಸ್ಟರಿ ಕೇಳಿ. ಒಳ್ಳೆ ಮಾತಲ್ಲಿ ಕೇಳಿದರೆ ತೋರಿಸುತ್ತಾರೆ.

ಹುಬ್ಬಳ್ಳಿ ಮಂದಿ
ಪೆಡಲ್ ರಬ್ಬರ್ ನೋಡ್ರಿ. ಮೀಟರ್ ತಿರುಗಿಸಬಹುದು, ರಬ್ಬರ್ ತಿರುಗಿಸಾಕ ಆಗಂಗಿಲ್ಲ.

ತೋಟದಮನೆ
ಹೋಗಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಸ್ವಿಫ್ಟ್. ಬೆಳಿಗ್ಗೆ ಏಳೂಕಾಲಿಗೆ ಹೋದೆ. ಹೇಳದೇ ಹೋಗಬೇಕಿತ್ತು, ಹಿಂದಿನ ದಿನ ಫೋನ್ ಮಾಡಿಬಿಟ್ಟಿದ್ದೆ. ಮಂಜು ಸುರಿಯುತ್ತಿತ್ತು. ಅಕ್ಕಪಕ್ಕದ ಗಾಡಿಗಳ ಬಾನೆಟ್ ಮೇಲೆಲ್ಲಾ ನೀರ ಹನಿ. ಇದರ ಬಾನೆಟ್ ಮಾತ್ರ ಒಣಗಿತ್ತು. ಕೈ ಇಟ್ಟರೆ ಬೆಚ್ಚಗೆ. ಬ್ರೋಕರ್ "ಈಗಷ್ಟೇ ತೊಳೆಯಲು ಆಚೆ ತೆಗೆದೆ" ಅಂದ.

ಕ್ಲಚ್ ಪೆಡಲ್ ನೋಡಿದೆ. ರಬ್ಬರಿನ ಗೆರೆಗಳೇ ಇಲ್ಲ, ಬಲ ಅಂಚು ಸವೆದು ಕಬ್ಬಿಣ ಇಣುಕುತ್ತಿದೆ. ಸ್ಟೇರಿಂಗಿಗೆ ಹೊಸ ಕವರ್. ಸ್ವಲ್ಪ ಸರಿಸಿ ನೋಡಿದರೆ ಒಳಗೆ ನುಣ್ಣಗೆ ಹೊಳೆಯುತ್ತಿದೆ. ಓಡಿಸಲು ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮನಸ್ಸು ಅಲ್ಲೇ ಜಾರಿತ್ತು.

ಆಮೇಲೆ ವರ್ಕ್‌ಶಾಪಿಗೆ ಹೋಗಿ ನಂಬರ್ ಕೊಟ್ಟೆ. ಕೌಂಟರಿನ ಹುಡುಗ ಸ್ಕ್ರೀನ್ ನನ್ನ ಕಡೆ ತಿರುಗಿಸಿದ. 2019ರ ಕೊನೆಯ ಸರ್ವೀಸ್‌ನಲ್ಲಿ 1,04,000 ಕಿ.ಮೀ. ಆಗಲೇ ಲಕ್ಷ ದಾಟಿದ ಗಾಡಿ ಈಗ 88 ಸಾವಿರಕ್ಕೆ ಬಂದು ಕೂತಿದೆ!

ಹುಬ್ಬಳ್ಳಿ ಮಂದಿ
ಡಾಕ್ಟ್ರು ಬರೇ ರಿವರ್ಸ್ ಗೇರನ್ಯಾಗ ಆಸ್ಪತ್ರೆಗೆ ಹೋಗ್ತಿದ್ರು ಕಾಣಸ್ತೇತಿ.

ಸಾಗರದ ಸುಬ್ಬ
ಮೇಲಿನ ಕಾಮೆಂಟಿಗೆ ಒಂದು ನಮಸ್ಕಾರ 🙏😂

ಬಿಸಿಬಿಸಿ
ಸರಿ, ಆ ಸ್ವಿಫ್ಟ್ ಬೇಡ. ಬೇರೆ ಸ್ವಿಫ್ಟ್ ನೋಡಿ.

ಗ್ಯಾರೇಜ್ ಗಣಪ
ರಿಟ್ಜ್ ಕಥೆ ಹೇಳಿ ಮೊದಲು.

ತೋಟದಮನೆ
ರಿಟ್ಜ್ ನೋಡಲು ಹೆಬ್ರಿಗೆ ಹೋದೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಿರಿಯರು ಮೊದಲು ಕಾಫಿ ಕೊಟ್ಟರು, ಆಮೇಲೆ ಫೈಲ್ ಕೊಟ್ಟರು. ಪ್ರತಿ ಹತ್ತು ಸಾವಿರಕ್ಕೆ ಆಯಿಲ್ ಬದಲಿಸಿದ ಬಿಲ್. ಡೀಸೆಲ್ ಹಾಕಿಸಿದ್ದಕ್ಕೂ ಒಂದು ನೋಟ್‌ಬುಕ್, ತಾರೀಕು, ಲೀಟರ್, ಕಿ.ಮೀ. ಸಮೇತ. ಬಾನೆಟ್ ತಣ್ಣಗಿತ್ತು. ಒಂದೇ ಸೆಲ್ಫ್‌ಗೆ ಹಿಡಿಯಿತು. ಮುಚ್ಚಳದ ಪರೀಕ್ಷೆ ಮಾಡಿದೆ. ಸ್ವಲ್ಪ ಕುಣಿಯಿತು, ಬೀಳಲಿಲ್ಲ. ನಾನು ಮುಚ್ಚಳ ತಲೆಕೆಳಗು ಇಡುವುದನ್ನು ನೋಡಿ ಅವರು ನಕ್ಕು, "ಯಾರೋ ಗೊತ್ತಿದ್ದವರು ಹೇಳಿಕೊಟ್ಟಿದ್ದಾರೆ" ಅಂದರು.

ತೊಂದರೆ ಇಲ್ಲ ಅಂತ ಅಲ್ಲ. ಕ್ಲಚ್ ಮುಗಿಯುತ್ತಾ ಬಂದಿದೆ. ಸ್ಟೆಪ್ನಿ ಗುಂಡಿಯಲ್ಲಿ ಅಂಗೈಯಗಲ ತುಕ್ಕು. ಮುಂದಿನ ಎರಡು ಟೈರಿನ ಮೇಲೆ 3118 ಅಂತಿದೆ, ಅಂದರೆ 2018ರ 31ನೇ ವಾರದ್ದು. ಬದಲಿಸಲೇಬೇಕು. ಎಸಿ ತಣ್ಣಗಾಗಲು ತುಂಬಾ ಹೊತ್ತು ಬೇಕು.

ಅಮ್ಮ ಹಿಂದಿನ ಬಾಗಿಲು ತೆಗೆದು ತಾವೇ ಹತ್ತಿ ಕೂತರು. ತಾವೇ ಇಳಿದರು. ಏನೂ ಹೇಳಲಿಲ್ಲ. ಇನ್ನೊಂದು ಸಲ ಹತ್ತಿ ಕೂತರು.

ಕಡಲತಡಿ
ನಾನು ಹೇಳಿರಲಿಲ್ವಾ!

ಗ್ಯಾರೇಜ್ ಗಣಪ
ಅಂಗೈಯಗಲ ತುಕ್ಕು ಮೇಲೆಮೇಲೆ ಇದ್ದರೆ ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಹಾಕಿಸಿ. ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿ ನೋಡಿದಿರಾ? ಒಳಗೆ ಹೋದರೆ ಬೇರೆ ಮಾತು.

ತೋಟದಮನೆ
ಒತ್ತಿದೆ. ಗಟ್ಟಿ ಇದೆ. ಅಡಿಯಲ್ಲೂ ನೋಡಿಸಿದೆ, ಸೈಲೆನ್ಸರ್ ಪೈಪ್ ಬಿಟ್ಟರೆ ಬೇರೆ ತುಕ್ಕಿಲ್ಲ.

ಲೆಕ್ಕಿಗ
ಕ್ಲಚ್, ಎರಡು ಟೈರು, ಎಸಿ ಕೆಲಸಕ್ಕೆ ನಿಮ್ಮ ಗ್ಯಾರೇಜಲ್ಲೇ ಅಂದಾಜು ಬರೆಸಿಕೊಳ್ಳಿ. ಆ ಚೀಟಿ ಅವರಿಗೆ ತೋರಿಸಿ ಆ ಖರ್ಚಿನ ಅರ್ಧದಷ್ಟು ರೇಟಲ್ಲಿ ಕಡಿಮೆ ಮಾಡಿ ಅಂತ ಕೇಳಿ. ಡೀಸೆಲ್ ಲೆಕ್ಕ ಬರೆದಿಡುವ ಮನುಷ್ಯ ಚೀಟಿ ನೋಡಿದರೆ ಒಪ್ಪುತ್ತಾರೆ, ಬಾಯಿಮಾತಿಗೆ ಒಪ್ಪಲ್ಲ.

ಮಾರೋ ಟೈಮು
ನಾನು ಈಗಲೂ ಹೇಳೋದು, ಎರಡು ವಾರ ಕಾಯಿರಿ, ಸರಿಯಾದ ಸ್ವಿಫ್ಟ್ ಸಿಗುತ್ತೆ. ರಿಟ್ಜ್ ತಗೊಂಡು ಮಾರಲು ಹೊರಟಾಗ ನನ್ನ ಮಾತು ನೆನಪಾಗುತ್ತೆ.

ಮಳೆಗಾಲ
ಅಮ್ಮ ಎರಡು ಸಲ ಹತ್ತಿ ಕೂತಿದ್ದಾರೆ. ಇನ್ನು ಅವರು ಮಾರಲು ಬಿಡ್ತಾರಾ?

ತೋಟದಮನೆ
ಚೀಟಿ ತೋರಿಸಿದೆ. 2.92ಕ್ಕೆ ಒಪ್ಪಿದರು. ಅಡ್ವಾನ್ಸ್ ಕೊಟ್ಟಾಗಿದೆ. ಸೋಮವಾರ ಫಾರಂಗೆ ಸಹಿ. ಡೀಸೆಲ್ ನೋಟ್‌ಬುಕ್ ಕೂಡ ಕೊಡುತ್ತಾರಂತೆ, "ಮುಂದಿನ ಪುಟದಿಂದ ನೀವು ಬರೆಯಿರಿ" ಅಂದರು.

ಘಾಟಿ ಡ್ರೈವರ್
ಶುಭವಾಗಲಿ. ಹತ್ತುವಾಗ ಒಂದನೇ ಗೇರು, ಮರೆಯಬೇಡಿ. ಮೇಲೆ ಬಂದ ಮೇಲೆ ತಕ್ಷಣ ಎಂಜಿನ್ ಆಫ್ ಮಾಡಬೇಡಿ, ಒಂದು ನಿಮಿಷ ಹಾಗೇ ಬಿಡಿ, ಟರ್ಬೊ ತಣಿಯಲಿ.

ಸಾಗರದ ಸುಬ್ಬ
ಆ ಒಂದು ನಿಮಿಷದಲ್ಲಿ ಒಂದು ಪ್ಲೇಟ್ ನೀರುದೋಸೆ ಆರ್ಡರ್ ಮಾಡಬಹುದು. ಅಂದ ಹಾಗೆ ಆಗುಂಬೆಯಲ್ಲಿ ಈಗ ನೀರುದೋಸೆ ಎಲ್ಲಿ ಚೆನ್ನಾಗಿದೆ?

ಬಿಸಿಬಿಸಿ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಅಲ್ಲಿಯೂ ಜಗಳ ಆಡೋಣ.